ರೆಪ್ಪೆ ಕಾಯಲಾರದ ವೇಗ



ನನ್ನ ಮುಂದಿನ ಮೇಜಿನ ಮೇಲೆ ಮೂರು ವಸ್ತುಗಳಿವೆ. ಒಂದು ಕ್ರಿಕೆಟ್ ಚೆಂಡು, ಒಂದು ಮೊಬೈಲ್ ಫೋನು, ಮತ್ತೊಂದು ಹಿಂದೆ ಪಟ್ಟಿಯಿರುವ ಪ್ಲಾಸ್ಟಿಕ್ ಕನ್ನಡಕ. ಈ ಮೂರಕ್ಕೂ ಏನು ಸಂಬಂಧ ಎಂಬುದನ್ನು ಇವತ್ತಿನ ಮಾತು ಮುಗಿಯುವ ಹೊತ್ತಿಗೆ ನೀವೇ ಹೇಳಬಲ್ಲಿರಿ.

ಈ ಮಾತಿಗೆ ಕಾರಣಳಾದವಳು ನನ್ನ ತಂಗಿಯ ಮಗಳು. ತಂಗಿಯ ಸಂಸಾರ ಅಬುಧಾಬಿಯಲ್ಲಿದೆ. ಕೆಲವು ವರ್ಷಗಳ ಹಿಂದೆ, ಆಗ ಹನ್ನೊಂದನೇ ತರಗತಿಯಲ್ಲಿದ್ದ ಆ ಹುಡುಗಿ ಅಲ್ಲಿನ ಫೆರಾರಿ ವರ್ಲ್ಡ್ ಉದ್ಯಾನಕ್ಕೆ ಹೋಗಿ 'ಫಾರ್ಮುಲಾ ರೊಸ್ಸಾ' ಎಂಬ ರೋಲರ್ ಕೋಸ್ಟರ್ ಏರಿ ಬಂದಳು. ಅದೇ ರಾತ್ರಿ ನನಗೆ ಫೋನು ಮಾಡಿದಳು. "ಮಾವ, ಹತ್ತೋಕೆ ಮುಂಚೆ ಎಲ್ಲರಿಗೂ ಒಂದೊಂದು ಕನ್ನಡಕ ಕೊಟ್ಟರು. ಇಳಿದ ಮೇಲೆ ವಾಪಸ್ ಇಸ್ಕೊಂಡ್ರು. ಬಿಸಿಲಿಗೇನೂ ಅಲ್ಲ, ಗಾಜು ಬಣ್ಣದ್ದಲ್ಲ. ಮತ್ಯಾಕೆ ಕೊಡ್ತಾರೆ?" ಎಂದು ಕೇಳಿದಳು. ವಿಜ್ಞಾನ ಓದಿದ ಮಾವನಿಗೆ ಇದು ಸುಲಭದ ಪ್ರಶ್ನೆ ಎಂದು ಅವಳ ಎಣಿಕೆ. ನನಗಾದರೋ ಆ ಪ್ರಶ್ನೆ ನನ್ನದೇ ಒಂದು ಹಳೆಯ ಸಂಜೆಯನ್ನು ನೆನಪಿಗೆ ತಂದಿತು.

ಅದು ಮಳೆಗಾಲ ಶುರುವಾಗುವ ದಿನಗಳು. ಒಂದು ಚಿತ್ರೀಕರಣ ಮುಗಿಸಿ ಮುಸ್ಸಂಜೆಯಲ್ಲಿ ಬೈಕಿನ ಮೇಲೆ ಊರಿಗೆ ಮರಳುತ್ತಿದ್ದೆ. ತಲೆಯ ಮೇಲೆ ಹೆಲ್ಮೆಟ್ ಇತ್ತು, ಆದರೆ ಸೆಖೆಯೆಂದು ಮುಂದಿನ ಗಾಜನ್ನು ಮೇಲಕ್ಕೆತ್ತಿದ್ದೆ. ವೇಗ ಗಂಟೆಗೆ ಸುಮಾರು 60 ಕಿಲೋಮೀಟರ್ ಇದ್ದೀತು. ಯಾವುದೋ ಹುಳ ಬಲಗಣ್ಣಿಗೆ ಬಡಿಯಿತು. ಕಣ್ಣೆದುರು ಮಿಂಚು ಹೊಡೆದಂತಾಯಿತು. ಹೇಗೋ ಬೈಕನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದೆ. ಹಿಂದಿನಿಂದ ಲಾರಿ ಬಂದಿದ್ದರೆ ಏನಾಗುತ್ತಿತ್ತೋ ತಿಳಿಯದು. ಮರುದಿನ ಕಣ್ಣಿನ ವೈದ್ಯರು ಪರೀಕ್ಷಿಸಿ, ಕಾರ್ನಿಯದ ಮೇಲೆ ಗೀರು ಬಿದ್ದಿದೆ ಎಂದರು. "ಹುಳ ಬಂದು ಹೊಡೀತು ಡಾಕ್ಟ್ರೇ" ಎಂದೆ. ಅವರು ನಕ್ಕು, "ಹುಳ ಅದರ ಪಾಡಿಗೆ ಅದು ಹಾರ್ತಾ ಇತ್ತು ಸಾರ್. ನೀವೇ ಹೋಗಿ ಅದಕ್ಕೆ ಹೊಡೆದಿದ್ದೀರಿ" ಎಂದರು.

ಆ ವಾರವೆಲ್ಲ ಕ್ಯಾಮೆರಾದಲ್ಲಿ ಕಣ್ಣಿಡಲಾಗದೆ ಕುಳಿತೆ. ಕಣ್ಣೇ ಬಂಡವಾಳವಾದ ಕಸುಬಿನವನಿಗೆ ಅದೇನೆಂದು ನೀವು ಊಹಿಸಬಹುದು. ವೈದ್ಯರ ಆ ಮಾತು ಮಾತ್ರ ಮನಸ್ಸಿನಲ್ಲಿ ಉಳಿಯಿತು. ಇವತ್ತಿನ ಭೌತಶಾಸ್ತ್ರವೆಲ್ಲ ಅದರಲ್ಲೇ ಅಡಗಿದೆ. ವೇಗವಾಗಿ ಹೋಗುವವನಿಗೆ ಗಾಳಿಯಲ್ಲಿ ನಿಂತ ವಸ್ತು ನಿಂತ ವಸ್ತುವಾಗಿ ಉಳಿಯುವುದಿಲ್ಲ. ಅವನ ವೇಗವೇ ಅದರ ವೇಗವಾಗುತ್ತದೆ. ಇದನ್ನೇ ನಾವು ಸಾಪೇಕ್ಷ ವೇಗ ಎನ್ನುತ್ತೇವೆ.

ಈಗ ಅಬುಧಾಬಿಗೆ ಹೋಗೋಣ. ಫಾರ್ಮುಲಾ ರೊಸ್ಸಾ 2010ರ ನವೆಂಬರಿನಲ್ಲಿ ಆರಂಭವಾದಾಗ ಜಗತ್ತಿನ ಅತಿ ವೇಗದ ರೋಲರ್ ಕೋಸ್ಟರ್ ಎನಿಸಿಕೊಂಡಿತು. ಅದಕ್ಕೆ ಮುಂಚೆ ಆ ಹೆಸರು ಅಮೆರಿಕದ ನ್ಯೂಜೆರ್ಸಿಯಲ್ಲಿ 2005ರಲ್ಲಿ ಆರಂಭವಾದ 'ಕಿಂಗ್ಡಾ ಕಾ'ಗೆ ಸೇರಿತ್ತು. ಅದರ ವೇಗ ಗಂಟೆಗೆ 206 ಕಿಲೋಮೀಟರ್. ಅದನ್ನು 2024ರಲ್ಲಿ ಮುಚ್ಚಿ, 2025ರಲ್ಲಿ ಕೆಡವಿದರು. ಫಾರ್ಮುಲಾ ರೊಸ್ಸಾದ ಗರಿಷ್ಠ ವೇಗ ಗಂಟೆಗೆ 240 ಕಿಲೋಮೀಟರ್. ನಿಂತಲ್ಲಿಂದ ಆ ವೇಗ ಮುಟ್ಟಲು ಅದಕ್ಕೆ ಐದು ಸೆಕೆಂಡೂ ಬೇಡ. ಸೌದಿ ಅರೇಬಿಯಾದ ಕಿದ್ದಿಯಾದಲ್ಲಿ ಕಟ್ಟಿದ 'ಫಾಲ್ಕನ್ಸ್ ಫ್ಲೈಟ್' ಅನ್ನು ಗಂಟೆಗೆ 250 ಕಿಲೋಮೀಟರ್ ವೇಗಕ್ಕೆ ವಿನ್ಯಾಸಗೊಳಿಸಿದ್ದಾರೆ. ಎರಡೂ ಮರಳುಗಾಡಿನ ನಾಡುಗಳು ಎಂಬುದನ್ನು ನೆನಪಿಡಿ.

ಗಂಟೆಗೆ 240 ಕಿಲೋಮೀಟರ್ ಎಂದರೆ ಎಷ್ಟು? ನಮ್ಮ ಹವಾಮಾನ ಇಲಾಖೆಯವರು ಚಂಡಮಾರುತದ ಗಾಳಿ ಗಂಟೆಗೆ 222 ಕಿಲೋಮೀಟರ್ ಮುಟ್ಟಿದರೆ ಅದನ್ನು ಸೂಪರ್ ಸೈಕ್ಲೋನ್ ಎನ್ನುತ್ತಾರೆ. ಹೊರಗೆ ಎಲೆಯೂ ಅಲುಗದ ದಿನದಲ್ಲಿ ಈ ಗಾಡಿಯಲ್ಲಿ ಕುಳಿತವರ ಮುಖಕ್ಕೆ ಅಂಥ ಗಾಳಿ ಬಡಿಯುತ್ತದೆ. ಆ ಗಾಳಿಯೇ ಕಣ್ಣೀರನ್ನು ಒಣಗಿಸಿ ಕಣ್ಣು ಬಿಡಲಾಗದಂತೆ ಮಾಡಬಲ್ಲದು. ಅದರ ಜೊತೆಗೆ ಮರಳಿನ ಕಣವೋ ಹುಳವೋ ಇದ್ದರೆ?

ಲೆಕ್ಕ ಹಾಕೋಣ. ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಚಲಿಸುವ ವಸ್ತುವಿನ ಚಲನಶಕ್ತಿ ಅದರ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಇಲ್ಲಿ 'ವರ್ಗ' ಎಂಬ ಮಾತೇ ಮುಖ್ಯ. ಒಂದು ಗ್ರಾಂ ತೂಕದ ದುಂಬಿಯೊಂದು ಗಾಳಿಯಲ್ಲಿದೆ ಎಂದಿಟ್ಟುಕೊಳ್ಳಿ. ನನ್ನ ಬೈಕಿನ 60 ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 16.7 ಮೀಟರ್ ವೇಗದಲ್ಲಿ, ಅದಕ್ಕೆ ಬಡಿದರೆ ಶಕ್ತಿ ಸುಮಾರು 0.14 ಜೂಲ್. ಗಂಟೆಗೆ 240 ಕಿಲೋಮೀಟರ್ ಎಂದರೆ ಸೆಕೆಂಡಿಗೆ 66.7 ಮೀಟರ್. ಆಗ ಶಕ್ತಿ ಸುಮಾರು 2.2 ಜೂಲ್. ವೇಗ ನಾಲ್ಕು ಪಟ್ಟಾಯಿತು, ಶಕ್ತಿ ಹದಿನಾರು ಪಟ್ಟಾಯಿತು.

ಎರಡು ಜೂಲ್ ಯಾವ ದೊಡ್ಡ ಶಕ್ತಿ ಎಂದು ನೀವು ಕೇಳಬಹುದು. ಎರಡು ಕಿಲೋ ತೂಕದ ಪುಸ್ತಕದ ಕಟ್ಟನ್ನು ಹತ್ತು ಸೆಂಟಿಮೀಟರ್ ಮೇಲೆತ್ತಲು ಬೇಕಾಗುವುದೂ ಅಷ್ಟೇ, ನಿಜ. ಆದರೆ ಆ ಶಕ್ತಿ ಎಷ್ಟು ಜಾಗದಲ್ಲಿ, ಎಷ್ಟು ಬೇಗ ಖರ್ಚಾಗುತ್ತದೆ ಎಂಬುದನ್ನು ನೋಡಬೇಕು. ದುಂಬಿ ಅರ್ಧ ಸೆಂಟಿಮೀಟರ್ ದೂರದಲ್ಲಿ ನಿಂತುಬಿಟ್ಟಿತು ಎಂದುಕೊಂಡರೆ ಸರಾಸರಿ ಬಲ ಸುಮಾರು 440 ನ್ಯೂಟನ್. ಅಂದರೆ ಕ್ಷಣಮಾತ್ರ 45 ಕಿಲೋ ಭಾರವನ್ನು ಉಗುರಿನಷ್ಟು ಜಾಗದ ಮೇಲೆ ಇಟ್ಟಂತೆ. ಆ ಜಾಗ ಹಣೆಯಾದರೆ ಕೆಂಪಗಾದೀತು, ಊದೀತು. ಕಣ್ಣಾದರೆ? ಕಣ್ಣಿನ ಮುಂದಿನ ಪಾರದರ್ಶಕ ಪೊರೆಯಾದ ಕಾರ್ನಿಯದ ದಪ್ಪ ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಮರಳಿನ ಕಣದ ತೂಕ ಬಹಳ ಕಡಿಮೆ, ಅದರ ಶಕ್ತಿಯೂ ಅಲ್ಪ. ಆದರೆ ಅದಕ್ಕೆ ಚೂಪಾದ ಮೂಲೆಗಳಿರುತ್ತವೆ. ದುಂಬಿಯಂತೆ ಅದು ಜಜ್ಜಿಹೋಗುವುದಿಲ್ಲ. ಅದು ಗೀರುತ್ತದೆ.

ಪ್ರಕೃತಿ ಕಣ್ಣಿಗೊಂದು ಕಾವಲು ಕೊಟ್ಟಿದೆಯಲ್ಲ ಎನ್ನುವಿರಾ? ತಾಯಿ ಮಗುವನ್ನು ಹೇಗೆ ನೋಡಿಕೊಳ್ಳುತ್ತಾಳೆ ಎಂದು ಹೇಳುವಾಗ ನಾವು 'ಕಣ್ಣನ್ನು ರೆಪ್ಪೆ ಕಾಯುವಂತೆ' ಎನ್ನುತ್ತೇವೆ. ಅಪಾಯ ಕಂಡ ಕೂಡಲೇ ನಾವು ಯೋಚಿಸುವ ಮುಂಚೆಯೇ ರೆಪ್ಪೆ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಹಿಡಿಯುವ ಕಾಲ ಸುಮಾರು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ. ನಡೆದುಹೋಗುವವನಿಗೆ ಇದು ಧಾರಾಳವಾಗಿ ಸಾಕು. ಆದರೆ ಫಾರ್ಮುಲಾ ರೊಸ್ಸಾದಲ್ಲಿ ಅಷ್ಟು ಹೊತ್ತಿನಲ್ಲಿ ನೀವು 6.7 ಮೀಟರ್ ಮುಂದೆ ಹೋಗಿರುತ್ತೀರಿ. ಸುಮಾರು ಏಳು ಮೀಟರ್ ದೂರದಲ್ಲಿರುವ ಮರಳಿನ ಕಣವನ್ನು ಕಂಡು ರೆಪ್ಪೆ ಮುಚ್ಚುವುದು ಸಾಧ್ಯವೆ? ನಮ್ಮ ಕಣ್ಣು, ನಮ್ಮ ನರ, ನಮ್ಮ ರೆಪ್ಪೆ ಇವೆಲ್ಲ ಕಾಲಿನಲ್ಲಿ ಓಡುವ ಪ್ರಾಣಿಗಾಗಿ ರೂಪುಗೊಂಡವು. ರೆಪ್ಪೆ ಕಾಯಲಾರದ ವೇಗಕ್ಕೆ ಮನುಷ್ಯ ಹೋದಾಗ ಇನ್ನೊಂದು ರೆಪ್ಪೆಯನ್ನು ಅವನೇ ಮಾಡಿಕೊಳ್ಳಬೇಕು. ನನ್ನ ಸೊಸೆಗೆ ಕೊಟ್ಟ ಕನ್ನಡಕ ಅದೇ. ಆಕಾಶದಿಂದ ಪ್ಯಾರಾಚೂಟಿನಲ್ಲಿ ಹಾರುವವರು ಹಾಕಿಕೊಳ್ಳುವ ಕನ್ನಡಕದಂಥದು.

ಇಂಥ ರಕ್ಷಣಾ ಕನ್ನಡಕಗಳನ್ನು ಸಾಮಾನ್ಯವಾಗಿ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಹರ್ಮನ್ ಶ್ನೆಲ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಡೇನಿಯಲ್ ಫಾಕ್ಸ್ ಇದನ್ನು ಬೇರೆಬೇರೆಯಾಗಿ ತಯಾರಿಸಿದರು. 1969ರಲ್ಲಿ ಚಂದ್ರನ ಮೇಲೆ ನಡೆದವರ ಶಿರಸ್ತ್ರಾಣದ ಪಾರದರ್ಶಕ ಗುಮ್ಮಟವೂ ಇದರದೇ. ಗಾಜು ಪೆಟ್ಟು ಬಿದ್ದರೆ ಚೂರಾಗುತ್ತದೆ, ಇದು ಬಗ್ಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಅಮೆರಿಕದ ಮಾನಕದಂತೆ ಪೆಟ್ಟು ತಡೆಯುವ ದರ್ಜೆಯ ಕನ್ನಡಕದ ಮೇಲೆ ಸುಮಾರು ಒಂದು ಗ್ರಾಂ ತೂಕದ ಉಕ್ಕಿನ ಗುಂಡನ್ನು ಗಂಟೆಗೆ ಸುಮಾರು 165 ಕಿಲೋಮೀಟರ್ ವೇಗದಲ್ಲಿ ಹೊಡೆದು ಪರೀಕ್ಷಿಸುತ್ತಾರೆ. ಅದು ಒಡೆಯಕೂಡದು, ಚೌಕಟ್ಟಿನಿಂದ ಕಳಚಲೂ ಕೂಡದು. ಯೂರೋಪಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಮಾನಕದಲ್ಲಿ ಸೆಕೆಂಡಿಗೆ 45, 120 ಮತ್ತು 190 ಮೀಟರ್ ಎಂದು ಮೂರು ದರ್ಜೆಗಳಿದ್ದವು. ವೇಗ ಏರಿದಂತೆ ಕಾಪಿನ ದರ್ಜೆಯೂ ಏರಬೇಕು ಎಂಬುದು ಇದರ ಅರ್ಥ. ನಾವು ದಿನವೂ ಹಾಕುವ ಓದುವ ಕನ್ನಡಕ ಈ ಕೆಲಸಕ್ಕೆ ಬಾರದು. ಪಟ್ಟಿಯಿಲ್ಲದ ಆ ಕನ್ನಡಕ ಮುಖದಿಂದ ಹಾರಿ ತಾನೇ ಇನ್ನೊಬ್ಬರಿಗೆ ಬಡಿಯಬಹುದು.

ಆದರೆ ಕನ್ನಡಕ ಎಲ್ಲವನ್ನೂ ತಡೆಯಲಾರದು. 1999ರ ಮಾರ್ಚ್ 30ರಂದು ಅಮೆರಿಕದ ವರ್ಜೀನಿಯಾದ ಬುಶ್ ಗಾರ್ಡನ್ಸ್ ಉದ್ಯಾನದಲ್ಲಿ 'ಅಪೋಲೋಸ್ ಚಾರಿಯಟ್' ಎಂಬ ಹೊಸ ರೋಲರ್ ಕೋಸ್ಟರಿನ ಉದ್ಘಾಟನೆ ನಡೆಯಿತು. ಮೊದಲ ಸಾಲಿನಲ್ಲಿ ಕುಳಿತಿದ್ದವರು ಫಾಬಿಯೋ ಎಂಬ ಪ್ರಸಿದ್ಧ ರೂಪದರ್ಶಿ. ಇಳಿಜಾರಿನಲ್ಲಿ ಗಾಡಿ ಧಾವಿಸುತ್ತಿದ್ದಾಗ ಹಾರುತ್ತಿದ್ದ ಹೆಬ್ಬಾತೊಂದು ಅವರ ಮುಖಕ್ಕೆ ಬಡಿಯಿತು. ಗಾಡಿ ನಿಲ್ದಾಣಕ್ಕೆ ಮರಳಿದಾಗ ಅವರ ಮುಖದ ಮೇಲೆ ರಕ್ತವಿತ್ತು. ಮೂಗಿಗಾದ ಗಾಯದಿಂದಲೇ ಪಾರಾದದ್ದು ಅವರ ಅದೃಷ್ಟ. ಆ ಗಾಡಿಯ ಗರಿಷ್ಠ ವೇಗ ಗಂಟೆಗೆ ಸುಮಾರು 117 ಕಿಲೋಮೀಟರ್, ಅಂದರೆ ಅಬುಧಾಬಿಯ ಅರ್ಧಕ್ಕೂ ಕಡಿಮೆ.

ಇಲ್ಲಿಯವರೆಗೆ ಹೇಳಿದ್ದು ಗಾಳಿಯಲ್ಲಿ ತಾವಾಗಿ ಇರುವ ವಸ್ತುಗಳ ಮಾತು. ಎರಡನೆಯ ಬಗೆಯವು ನಾವೇ ಜೇಬಿನಲ್ಲಿ ಹೊತ್ತು ಒಯ್ಯುವಂಥವು. ಮೇಜಿನ ಮೇಲಿರುವ ಈ ಮೊಬೈಲ್ ಫೋನು ಅವುಗಳಲ್ಲೊಂದು. ನನ್ನ ದೃಷ್ಟಿಯಲ್ಲಿ ಹೆಚ್ಚು ಗಂಭೀರವಾದ ಮಾತು ಇದೇ.

ಗಾಡಿ ದಿಬ್ಬದ ತುದಿಯನ್ನು ದಾಟುವಾಗ ನಿಮ್ಮ ಹೊಟ್ಟೆಯಲ್ಲಿ ಏನೋ ಮೇಲೆದ್ದಂತೆ ಆಗುತ್ತದೆ, ಅಲ್ಲವೆ? ಜಡತ್ವದ ನಿಯಮದಂತೆ ನಿಮ್ಮ ದೇಹ ನೇರವಾಗಿ ಮುಂದಕ್ಕೆ ಹೋಗಬಯಸುತ್ತದೆ. ಹಳಿ ಗಾಡಿಯನ್ನು ಕೆಳಕ್ಕೆ ಸೆಳೆಯುತ್ತದೆ. ಗುರುತ್ವ ನಿಮ್ಮನ್ನು ಕೆಳಕ್ಕೆ ತರುವುದಕ್ಕಿಂತ ಬೇಗ ಗಾಡಿ ಇಳಿದರೆ ನೀವು ಆಸನದಿಂದ ಮೇಲೇಳುತ್ತೀರಿ. ತೊಡೆಯ ಮೇಲಿನ ಸರಳು ನಿಮ್ಮನ್ನು ಹಿಡಿದುಕೊಳ್ಳುತ್ತದೆ. ಮೇಲಂಗಿಯ ಜೇಬಿನ ಫೋನನ್ನು ಹಿಡಿಯುವವರು ಯಾರು? ಅದು ತೇಲುತ್ತಾ ಹೊರಬರುತ್ತದೆ. ಹೊರಬಂದ ಫೋನು ಅಲ್ಲಿಯೇ ನೆಟ್ಟಗೆ ಕೆಳಗೆ ಬೀಳುವುದಿಲ್ಲ. ಬಿಡುಗಡೆಯಾದ ಗಳಿಗೆಯಲ್ಲಿ ಗಾಡಿಗಿದ್ದ ವೇಗವೇ ಅದಕ್ಕೂ ಇರುತ್ತದೆ. ಎಸೆದ ಕಲ್ಲಿನಂತೆ ಅದು ಪರವಲಯದ ದಾರಿ ಹಿಡಿಯುತ್ತದೆ. ಟೋಪಿಯಂಥ ಹಗುರ ವಸ್ತುವನ್ನು ಗಾಳಿ ಬೇಗ ತಡೆಯುತ್ತದೆ. ಫೋನು, ಬೀಗದ ಕೈ, ನಾಣ್ಯಗಳನ್ನು ಅಷ್ಟು ಸುಲಭವಾಗಿ ತಡೆಯುವುದಿಲ್ಲ.

ಈಗ ಚೆಂಡನ್ನು ತೆಗೆದುಕೊಳ್ಳೋಣ. ಇದರ ತೂಕ ಸುಮಾರು 160 ಗ್ರಾಂ. ಮಧ್ಯಮ ವೇಗದ ಬೌಲರ್ ಇದನ್ನು ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಎಸೆದರೆ ಇದರ ಶಕ್ತಿ ಸುಮಾರು 75 ಜೂಲ್. 200 ಗ್ರಾಂ ತೂಕದ ಫೋನು ಗಂಟೆಗೆ 100 ಕಿಲೋಮೀಟರ್ ವೇಗದ ಗಾಡಿಯಿಂದ ಹಾರಿದರೆ ಅದರ ಶಕ್ತಿ ಸುಮಾರು 77 ಜೂಲ್. ಎರಡೂ ಒಂದೇ ಎನ್ನಬಹುದು. ವ್ಯತ್ಯಾಸವೆಂದರೆ, ಬ್ಯಾಟ್ಸ್‌ಮನ್ ಹೆಲ್ಮೆಟ್ ಹಾಕಿಕೊಂಡು, ಬ್ಯಾಟು ಹಿಡಿದು, ಚೆಂಡನ್ನೇ ನೋಡುತ್ತಾ ನಿಂತಿರುತ್ತಾನೆ. ಹಳಿಯ ಕೆಳಗೆ ಸರದಿಯಲ್ಲಿ ನಿಂತ ಮಗು ಐಸ್ ಕ್ರೀಮ್ ತಿನ್ನುತ್ತಿರುತ್ತದೆ.

ಎರಡು ಗಾಡಿಗಳು ಎದುರುಬದುರಾದರೆ ಲೆಕ್ಕ ಇನ್ನೂ ಕೆಡುತ್ತದೆ. ಅಮೆರಿಕದ ಆರ್ಲ್ಯಾಂಡೋದ ಯೂನಿವರ್ಸಲ್ ಉದ್ಯಾನದಲ್ಲಿ 1999ರಿಂದ ಒಂದು ಜೋಡಿ ರೋಲರ್ ಕೋಸ್ಟರ್ ಇತ್ತು. ಮೊದಲು ಅದಕ್ಕೆ 'ಡ್ಯೂಯಲಿಂಗ್ ಡ್ರ್ಯಾಗನ್ಸ್' ಎಂದು ಹೆಸರು, ಆಮೇಲೆ 'ಡ್ರ್ಯಾಗನ್ ಚಾಲೆಂಜ್' ಎಂದಾಯಿತು. ಎರಡು ಗಾಡಿಗಳು ಒಟ್ಟಿಗೆ ಹೊರಟು, ಕೆಲವು ಕಡೆ ಡಿಕ್ಕಿಯೇ ಆಯಿತೆನ್ನುವಷ್ಟು ಹತ್ತಿರ, ಅರ್ಧ ಮೀಟರಿಗೂ ಕಡಿಮೆ ಅಂತರದಲ್ಲಿ ಹಾದುಹೋಗುವಂತೆ ಅದನ್ನು ರಚಿಸಿದ್ದರು. ಅದರ ಮಜವೇ ಅದು. ಪ್ರತಿಯೊಂದು ಗಾಡಿಯ ವೇಗ 80 ಕಿಲೋಮೀಟರ್ ಎಂದಿಟ್ಟುಕೊಂಡರೆ, ಒಂದರಿಂದ ಹಾರಿದ ನಾಣ್ಯ ಇನ್ನೊಂದರಲ್ಲಿ ಕುಳಿತವರಿಗೆ 160 ಕಿಲೋಮೀಟರ್ ವೇಗದಲ್ಲಿ ಬಡಿಯುತ್ತದೆ. ವೇಗ ಎರಡು ಪಟ್ಟು, ಶಕ್ತಿ ನಾಲ್ಕು ಪಟ್ಟು. 2011ರ ಜುಲೈ ಕೊನೆಯಲ್ಲಿ ಒಬ್ಬ ಸವಾರನ ಕಣ್ಣಿಗೆ ಏನೋ ವಸ್ತು ಬಡಿದು ತೀವ್ರವಾದ ಪೆಟ್ಟಾಯಿತು. ಕೆಲವೇ ದಿನಗಳಲ್ಲಿ, ಆಗಸ್ಟಿನಲ್ಲಿ, ಇನ್ನೊಬ್ಬ ಯುವಕನಿಗೂ ಗಾಯವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಉದ್ಯಾನದವರು ಗಾಡಿಗಳು ಇನ್ನು ಮುಂದೆ ಒಟ್ಟಿಗೆ ಓಡುವುದಿಲ್ಲವೆಂದು ಪ್ರಕಟಿಸಿದರು. ಆ ಕೋಸ್ಟರನ್ನು 2017ರಲ್ಲಿ ಮುಚ್ಚಿದರು. ಯಾರದೋ ಜೇಬಿನ ಅಲ್ಪ ವಸ್ತು ಇನ್ನೊಬ್ಬರ ಕಣ್ಣಿಗೆ ಎರವಾಗಬಲ್ಲದು ಎಂಬ ಕಾರಣಕ್ಕೆ ಅಷ್ಟು ದೊಡ್ಡ ಯಂತ್ರದ ಆಟದ ಕ್ರಮವೇ ಬದಲಾಯಿತು.

ಇದಕ್ಕೆ ವ್ಯತಿರಿಕ್ತವಾದ ಒಂದು ಸುದ್ದಿಯನ್ನು 2019ರಲ್ಲಿ ಪತ್ರಿಕೆಗಳು ಸಂತೋಷದಿಂದ ಪ್ರಕಟಿಸಿದವು. ಸ್ಪೇನಿನ ಪೋರ್ಟ್‌ಅವೆಂಚುರಾ ಉದ್ಯಾನದ 'ಶಂಭಾಲಾ' ಕೋಸ್ಟರಿನಲ್ಲಿ ಮುಂದೆ ಕುಳಿತವರ ಕೈಯಿಂದ ಜಾರಿದ ಫೋನನ್ನು ಹಿಂದೆ ಕುಳಿತಿದ್ದ ನ್ಯೂಜಿಲೆಂಡಿನವರೊಬ್ಬರು ಚಲಿಸುವ ಗಾಡಿಯಲ್ಲೇ ಹಿಡಿದುಬಿಟ್ಟರು. ಆ ದೃಶ್ಯ ಲೋಕವೆಲ್ಲ ಸುತ್ತಿತು. ಚಪ್ಪಾಳೆ ತಟ್ಟಬೇಕಾದ್ದೇ. ಆದರೆ ಅವರ ಕೈ ತಪ್ಪಿದ್ದರೆ ಆ ಫೋನು ಹಿಂದಿನ ಸಾಲಿನವರ ಕಡೆಗೆ ಹೋಗುತ್ತಿತ್ತು ಎಂಬುದನ್ನು ಮರೆಯಬಾರದು. ಒಬ್ಬರ ಕೈಚಳಕವನ್ನು ನಂಬಿ ಸುರಕ್ಷತೆಯ ಏರ್ಪಾಡು ಮಾಡಲಾಗದು.

ಮೂರನೆಯ ಬಗೆ ಯಂತ್ರದಿಂದಲೇ ಕಳಚಿ ಹಾರುವ ವಸ್ತುಗಳು. ಅಮೆರಿಕದ ಒಹಾಯೋ ರಾಜ್ಯದ ಸೀಡರ್ ಪಾಯಿಂಟ್ ಉದ್ಯಾನದಲ್ಲಿ 2003ರಲ್ಲಿ ಆರಂಭವಾದ 'ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್' ಗಂಟೆಗೆ 193 ಕಿಲೋಮೀಟರ್ ವೇಗದ್ದು. ಗಾಡಿಯನ್ನು ಒಂದು ಉಕ್ಕಿನ ಹಗ್ಗದಿಂದ ಎಳೆದು ಚಿಮ್ಮಿಸುತ್ತಿದ್ದರು. 2004ರ ಜುಲೈನಲ್ಲಿ ಆ ಹಗ್ಗದಿಂದ ಸಿಡಿದ ಲೋಹದ ಚೂರುಗಳು ತಗಲಿ ನಾಲ್ವರು ಸವಾರರಿಗೆ ಗಾಯವಾಯಿತು. 2021ರ ಆಗಸ್ಟಿನಲ್ಲಿ ಗಾಡಿಯಿಂದ ಕಳಚಿದ ಲೋಹದ ತುಂಡೊಂದು ಸರದಿಯಲ್ಲಿ ನಿಂತಿದ್ದ ಮಹಿಳೆಯ ತಲೆಗೆ ಬಡಿದು ತೀವ್ರ ಗಾಯ ಮಾಡಿತು. ಆಕೆ ಗಾಡಿಯನ್ನು ಹತ್ತಿಯೂ ಇರಲಿಲ್ಲ. ಮರುವರ್ಷ ಆ ರೂಪದ ಕೋಸ್ಟರನ್ನು ಕೈಬಿಟ್ಟರು. 2024ರಲ್ಲಿ ಅದು ಮತ್ತೆ ಆರಂಭವಾದಾಗ ಹಗ್ಗದ ಬದಲು ವಿದ್ಯುತ್ಕಾಂತಗಳ ಬಲದಿಂದ ಗಾಡಿ ಓಡುವಂತೆ ಮಾಡಿದ್ದರು.

ಇಂಥ ಅಪಾಯಕ್ಕೆ ಸವಾರನ ಕನ್ನಡಕ ಉತ್ತರವಲ್ಲ. ಉತ್ತರ ಇರುವುದು ಎಂಜಿನಿಯರನ ಮೇಜಿನ ಮೇಲೆ ಮತ್ತು ದಿನ ಬೆಳಗಾದರೆ ಹಳಿಯುದ್ದಕ್ಕೂ ನಡೆದು ಬೋಲ್ಟುಗಳನ್ನು ನೋಡುವ ಕೆಲಸಗಾರನ ಕೈಯಲ್ಲಿ. ಅಮೆರಿಕದ ಎ.ಎಸ್.ಟಿ.ಎಂ. ಸಂಸ್ಥೆ 1978ರಲ್ಲೇ ಮನರಂಜನಾ ಸವಾರಿಗಳಿಗಾಗಿ ಒಂದು ಸಮಿತಿಯನ್ನು ರಚಿಸಿತು. ವಿನ್ಯಾಸದಿಂದ ಹಿಡಿದು ದಿನನಿತ್ಯದ ತಪಾಸಣೆಯವರೆಗೆ ಮಾನಕಗಳನ್ನು ಅದು ಗೊತ್ತುಪಡಿಸುತ್ತದೆ. ಜನ ನಡೆಯುವ ದಾರಿಯ ಮೇಲೆ ಹಳಿ ಹಾಯುವ ಕಡೆ ಬಲೆ ಅಥವಾ ಚಾವಣಿ ಹಾಕುವುದು, ಸವಾರಿಗೆ ಮುಂಚೆ ಸಾಮಾನುಗಳನ್ನು ಲಾಕರಿನಲ್ಲಿ ಇಡಿಸುವುದು, ಕೆಲವು ಕಡೆ ವಿಮಾನ ನಿಲ್ದಾಣದಂತೆ ಲೋಹಶೋಧಕದ ಮೂಲಕ ಜನರನ್ನು ಬಿಡುವುದು, ಇವೆಲ್ಲ ಬಳಕೆಯಲ್ಲಿರುವ ಉಪಾಯಗಳು. ಇವುಗಳಲ್ಲಿ ಬಹುಪಾಲು ನಿಮ್ಮಂಥ ಸವಾರರ ಸಹಕಾರವಿಲ್ಲದೆ ನಡೆಯುವಂಥವಲ್ಲ.

ನಮ್ಮಲ್ಲಿ ಎಷ್ಟು ಮಂದಿ ಅಬುಧಾಬಿಗೆ ಹೋಗುತ್ತೇವೆ ಎಂದು ನೀವು ಕೇಳಬಹುದು. ಹೋಗದಿದ್ದರೂ ಚಿಂತೆಯಿಲ್ಲ. ಊರ ಜಾತ್ರೆಯ ಜೈಂಟ್ ವೀಲ್ ಏರುವವರು, ಬೆಂಗಳೂರಿನ ಹೊರವಲಯದ ಉದ್ಯಾನಗಳಿಗೆ ಪ್ರವಾಸ ಹೋಗುವವರು, ದಿನವೂ ಅಣ್ಣನ ಬೈಕಿನ ಹಿಂದೆ ಕುಳಿತು ಕಾಲೇಜಿಗೆ ಬರುವವರು ಎಲ್ಲರಿಗೂ ಈ ಲೆಕ್ಕ ಒಂದೇ. ಬೈಕಿನಲ್ಲಿ ಹೆಲ್ಮೆಟಿನ ಗಾಜನ್ನು ಇಳಿಸಿಕೊಳ್ಳಿ. ಸವಾರಿಗೆ ಮುಂಚೆ ಜೇಬು ಖಾಲಿ ಮಾಡಿ. ಇಡಲು ಜಾಗವಿಲ್ಲದಿದ್ದರೆ ಕೆಳಗೆ ನಿಂತ ಗೆಳೆಯರ ಕೈಗೆ ಕೊಡಿ, ಇಲ್ಲವೆ ಜಿಪ್ ಇರುವ ಜೇಬಿಗೆ ಹಾಕಿ. ಮೇಲೆ ಹೋಗುತ್ತಾ ಫೋಟೋ ತೆಗೆಯುವ ಆಸೆಯನ್ನು ಬಿಡಿ. "ಫೋನ್ ಒಳಗಿಡಿ" ಎನ್ನುವ ಕೆಲಸಗಾರನ ಮೇಲೆ ಸಿಟ್ಟಾಗಬೇಡಿ. ಅವನು ನಿಮ್ಮ ಫೋನನ್ನು ಮಾತ್ರ ಕಾಯುತ್ತಿಲ್ಲ, ನೀವು ಎಂದೂ ನೋಡದ ಯಾರದೋ ಕಣ್ಣನ್ನು ಕಾಯುತ್ತಿದ್ದಾನೆ.

ಕೊನೆಗೆ ನಿಮಗೊಂದು ಲೆಕ್ಕ. ಐದು ಗ್ರಾಂ ತೂಕದ ನಾಣ್ಯ ಗಂಟೆಗೆ 40, 80 ಮತ್ತು 240 ಕಿಲೋಮೀಟರ್ ವೇಗದಲ್ಲಿ ಹಾರಿದರೆ ಅದರ ಚಲನಶಕ್ತಿ ಎಷ್ಟೆಷ್ಟು? ಮಾಡಿ ನೋಡಿ. ಮೊದಲನೆಯದಕ್ಕಿಂತ ಕೊನೆಯದು ಮೂವತ್ತಾರು ಪಟ್ಟು ಬಂದರೆ ನಿಮ್ಮ ಲೆಕ್ಕ ಸರಿ.

ನನ್ನ ಸೊಸೆಗೆ ಆ ರಾತ್ರಿ ಇಷ್ಟೆಲ್ಲ ಹೇಳಿದ ಮೇಲೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಮಾವ, ಈಗ ಬೈಕಿನಲ್ಲಿ ಗಾಜು ಇಳಿಸ್ಕೊಂಡು ಹೋಗ್ತೀಯಾ?" ಇಳಿಸಿಕೊಂಡೇ ಹೋಗುತ್ತೇನೆ. ಸೆಖೆಯಾದರೂ ಸರಿ.